ಚೆಸ್ ಎಂಜಿನ್ ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿ, ಅದರ ವೇಗ ಸರಿಯಾಗಿ ಅಳೆಯುವುದು ಹೇಗೆ

ಅದೇ ಲ್ಯಾಪ್‌ಟಾಪ್, ಚೆಸ್ ಆಡುವ ಅದೇ ಸ್ಟಾಕ್‌ಫಿಶ್ ತಂತ್ರಾಂಶ (ಇಂಥದ್ದಕ್ಕೆ ಎಂಜಿನ್ ಎನ್ನುತ್ತಾರೆ), ಅದೇ ಆಜ್ಞೆ. ಏಪ್ರಿಲ್ ಕೊನೆಯ ವಾರ ವಿಜಯಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಮಧ್ಯಾಹ್ನ ಓಡಿಸಿದಾಗ ಬಂದ ವೇಗಕ್ಕೂ, ಜುಲೈನಲ್ಲಿ ಬೆಳಗಾವಿಯ ಟಿಳಕವಾಡಿಯ ತಮ್ಮನ ಮನೆಯಲ್ಲಿ, ಹೊರಗೆ ಮಳೆ ಹಿಡಿದು ಕೂತಿದ್ದಾಗ ಬಂದ ವೇಗಕ್ಕೂ ತಾಳೆಯೇ ಆಗಲಿಲ್ಲ. ಏಪ್ರಿಲ್‌ನ ಅಂಕಿ ನಂಬಿ ನಾನು ಒಂದು ತಿಂಗಳು, ಬರೆದ ಕೋಡನ್ನು ಓಡುವ ಕಡತವಾಗಿ ಕಟ್ಟಿಕೊಡುವ ಕಂಪೈಲರ್ ಬದಲಿಸುತ್ತ, ಆಯ್ಕೆಗಳನ್ನು ತಿದ್ದುತ್ತ ಕಳೆದಿದ್ದೆ. ಕಂಪೈಲರಿನಲ್ಲಿ ಏನೂ ತಪ್ಪಿರಲಿಲ್ಲ. ಧಗೆಗೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಂಡಿತ್ತು, ಅಷ್ಟೇ. ಆ ತಿಂಗಳು ನಿಮಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಸಂಜೆ ಹೊತ್ತು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಮೂರು ಕಂಪ್ಯೂಟರುಗಳ ಅನುಭವ ಇಲ್ಲಿದೆ: ನನ್ನ ಇಂಟೆಲ್ ಲ್ಯಾಪ್‌ಟಾಪ್, ಬೆಳಗಾವಿಯಲ್ಲಿ ತಮ್ಮನ ರೈಜನ್ ಡೆಸ್ಕ್‌ಟಾಪ್, ಬಾಗಲಕೋಟೆಯ ನವನಗರದಲ್ಲಿ ಅಕ್ಕನ ಮಗನ ರಾಸ್ಪ್‌ಬೆರಿ ಪೈ. ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ; ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲೇ ಒಂದು ಮಾತು. ಆಟ ವಿಶ್ಲೇಷಣೆ ಮಾಡುವುದಷ್ಟೇ ನಿಮ್ಮ ಉದ್ದೇಶವಾದರೆ ಕಂಪೈಲ್ ಮಾಡುವ ಅಗತ್ಯವೇ ಇಲ್ಲ. ಸ್ಟಾಕ್‌ಫಿಶ್ ತಂಡ ತನ್ನ ಅಧಿಕೃತ ತಾಣದಲ್ಲಿ ಸಿದ್ಧ ಕಡತಗಳನ್ನು ಕೊಡುತ್ತದೆ, ಅವು ಚೆನ್ನಾಗಿಯೇ ಇವೆ. ಇನ್ನೂ ಬಿಡುಗಡೆಯಾಗದ ಹೊಸ ಕೋಡ್ ಬೇಕಿದ್ದರೆ, ಪೈ ತರಹದ ಸಣ್ಣ ಕಂಪ್ಯೂಟರಿನಲ್ಲಿ ಓಡಿಸಬೇಕಿದ್ದರೆ, ಕೋಡಿನಲ್ಲಿ ಒಂದು ಸಾಲು ತಿದ್ದಿ ಏನಾಗುತ್ತದೆ ನೋಡಬೇಕಿದ್ದರೆ, ಅಥವಾ ಇದು ಒಳಗೆ ಹೇಗೆ ನಡೆಯುತ್ತದೆ ಎಂಬ ಕುತೂಹಲವಿದ್ದರೆ ಮುಂದೆ ಓದಿ. ನನಗೆ ಕೊನೆಯದ್ದೇ ದೊಡ್ಡ ಕಾರಣ.

ನಿಮ್ಮ ಪ್ರೊಸೆಸರ್ ಯಾವುದು, ಅದಕ್ಕೆ ಏನು ಬರುತ್ತದೆ

ಎಂಜಿನ್‌ನ ವೇಗದ ಅರ್ಧ ಕಥೆ ಇಲ್ಲೇ ಇದೆ. ಚದುರಂಗದ ಮಣೆಯಲ್ಲಿ 64 ಮನೆ, ಪ್ರೊಸೆಸರಿನ ಒಂದು ಪದದಲ್ಲಿ 64 ಬಿಟ್. ಈ ಹೊಂದಾಣಿಕೆಯನ್ನು ಎಂಜಿನ್ ಬರೆಯುವವರು ಬಹಳ ಹಿಂದೆಯೇ ಹಿಡಿದರು. ಬಿಳಿಯ ಕಾಲಾಳುಗಳೆಲ್ಲ ಎಲ್ಲಿವೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಇಡಬಹುದು: ಕಾಲಾಳು ಇರುವ ಮನೆಗೆ ಒಂದು, ಇಲ್ಲದ ಮನೆಗೆ ಸೊನ್ನೆ. ಅದರಲ್ಲಿ ಎಷ್ಟು ಒಂದುಗಳಿವೆ ಎಂದು ಒಂದೇ ಏಟಿಗೆ ಎಣಿಸುವ ಸೂಚನೆಗೆ ಪಾಪ್‌ಕೌಂಟ್ ಎನ್ನುತ್ತಾರೆ. ಆನೆ, ಒಂಟೆ, ಮಂತ್ರಿ ಎಲ್ಲಿಯವರೆಗೆ ಸಾಗಬಲ್ಲವು ಎಂದು ಥಟ್ಟನೆ ಹುಡುಕಲು ಬಿಎಂಐ2 ಗುಂಪಿನ ಪೆಕ್ಸ್ಟ್ ಎಂಬ ಸೂಚನೆ ನೆರವಾಗುತ್ತದೆ.

ಎರಡನೆಯದು, ಮಣೆಯ ಮೇಲಿನ ಸ್ಥಿತಿ ಯಾರಿಗೆ ಅನುಕೂಲ ಎಂದು ಅಂದಾಜಿಸುವ ನರಜಾಲ. 2018ರಲ್ಲಿ ಯು ನಾಸು ಎಂಬವರು ಜಪಾನಿನ ಶೋಗಿ ಆಟಕ್ಕಾಗಿ ಒಂದು ಪುಟ್ಟ ನರಜಾಲದ ವಿಧಾನ ರೂಪಿಸಿದರು, ಅದಕ್ಕೆ ಎನ್‌ಎನ್‌ಯುಇ ಎಂದು ಹೆಸರು. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಸಾಧಾರಣ ಪ್ರೊಸೆಸರಿನ ಮೇಲೆಯೇ ಅದು ವೇಗವಾಗಿ ಓಡುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬಂದ ಸ್ಟಾಕ್‌ಫಿಶ್ 12ರಲ್ಲಿ ಇದು ಸೇರಿತು. ಈ ಜಾಲದ ಲೆಕ್ಕವೆಲ್ಲ ಸಣ್ಣ ಪೂರ್ಣಾಂಕಗಳ ಗುಣಾಕಾರ, ಕೂಡಿಕೆ. ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಇರುವ ಪ್ರೊಸೆಸರ್ 256 ಬಿಟ್‌ಗಳನ್ನು ಒಟ್ಟಿಗೆ ಹಿಡಿಯುತ್ತದೆ, ಅಂದರೆ 8 ಬಿಟ್‌ನ 32 ಸಂಖ್ಯೆಗಳಿಗೆ ಒಂದೇ ಸಲ ಕೆಲಸ ಮುಗಿಸುತ್ತದೆ. ಹಳೆಯ ಎಸ್‌ಎಸ್‌ಇ ಸೂಚನೆಗಳಿಗೆ ಅದರರ್ಧ. ಆದ್ದರಿಂದ ಎವಿಎಕ್ಸ್2 ಬರುವ ಕಂಪ್ಯೂಟರಿನಲ್ಲಿ ಅದಿಲ್ಲದೆ ಕಂಪೈಲ್ ಮಾಡಿದರೆ ದೊಡ್ಡ ನಷ್ಟ. ಬರದ ಕಂಪ್ಯೂಟರಿನಲ್ಲಿ ಅದನ್ನೇ ಹಾಕಿ ಓಡಿಸಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಹೇಳಿ ನಿಂತೇಬಿಡುತ್ತದೆ. ಗೆಳೆಯರಿಂದ ಪೆನ್‌ಡ್ರೈವ್‌ನಲ್ಲಿ ತಂದ ಎಂಜಿನ್ ನಿಮ್ಮಲ್ಲಿ ಓಡದಿದ್ದರೆ ಬಹುತೇಕ ಇದೇ ಕಾರಣ.

ಲಿನಕ್ಸಿನಲ್ಲಿ ‘ಎಲ್‌ಎಸ್‌ಸಿಪಿಯು’ ಎಂದು ಟೈಪ್ ಮಾಡಿ. ಬಂದ ವಿವರಗಳ ನಡುವೆ ಫ್ಲ್ಯಾಗ್ಸ್ ಎಂಬ ಉದ್ದನೆಯ ಪಟ್ಟಿ ಇರುತ್ತದೆ. ಅದರಲ್ಲಿ ಎವಿಎಕ್ಸ್2, ಬಿಎಂಐ2, ಪಾಪ್‌ಕೌಂಟ್ (ಪಟ್ಟಿಯಲ್ಲಿ ಪಿ, ಓ, ಪಿ, ಸಿ, ಎನ್, ಟಿ) ಇವೆಯೇ ನೋಡಿ. ವಿಂಡೋಸಿನಲ್ಲಿ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಎವಿಎಕ್ಸ್2 ಇದೆಯೇ ಎಂದು ತೋರಿಸುತ್ತದೆ. ಇಂಟೆಲ್ ಕೋರ್ ಸಾಲಿನಲ್ಲಿ 2013ರಲ್ಲಿ ಬಂದ ನಾಲ್ಕನೇ ಪೀಳಿಗೆಯಿಂದ ಎವಿಎಕ್ಸ್2 ಇದೆ. ಆದರೆ ಪೆಂಟಿಯಮ್, ಸೆಲೆರಾನ್ ಎಂದು ಹೆಸರಿರುವ ಚಿಪ್‌ಗಳಲ್ಲಿ ಅದಾದ ಮೇಲೂ ಹಲವು ವರ್ಷ ಅದು ಇರಲಿಲ್ಲ. ಹೊಸದು ಎಂದು ಕೊಂಡ ಅಗ್ಗದ ಲ್ಯಾಪ್‌ಟಾಪಿನಲ್ಲೂ ಇಲ್ಲದಿರಬಹುದು, ಪರೀಕ್ಷಿಸದೆ ನಂಬಬೇಡಿ.

ರೈಜನ್ ಇರುವವರು ಒಂದು ಸಂಗತಿ ತಿಳಿದಿರಬೇಕು. ಝೆನ್ 1 ಮತ್ತು ಝೆನ್ 2 ವಿನ್ಯಾಸದ ಚಿಪ್‌ಗಳಿಗೆ ಪೆಕ್ಸ್ಟ್ ಸೂಚನೆ ಗೊತ್ತು, ಆದರೆ ಅದನ್ನು ಒಳಗೆ ಹಲವು ಸಣ್ಣ ಹೆಜ್ಜೆಗಳಾಗಿ ಒಡೆದು ಮಾಡುತ್ತವೆ, ಹಾಗಾಗಿ ನಿಧಾನ. 2020ರ ಕೊನೆಗೆ ಬಂದ ಝೆನ್ 3ರಿಂದ ಇದು ಸರಿಹೋಗಿದೆ. ಆದ್ದರಿಂದ ಹಳೆಯ ರೈಜನ್‌ಗಳಲ್ಲಿ ಬಿಎಂಐ2 ಬೇಡ, ಎವಿಎಕ್ಸ್2 ಆರಿಸಿ. ಬರೀ ಮಾದರಿ ಸಂಖ್ಯೆ ನೋಡಿ ನಿರ್ಧರಿಸಬೇಡಿ: ಲ್ಯಾಪ್‌ಟಾಪಿನ ರೈಜನ್ 5500ಯು ಹೆಸರಿನಲ್ಲಿ ಐದು ಸಾವಿರದ ಸಾಲಿನದು, ಒಳಗಿರುವುದು ಝೆನ್ 2. ನಮ್ಮ ತಮ್ಮನ ಡೆಸ್ಕ್‌ಟಾಪಿನದೂ ಝೆನ್ 2. ಫ್ಲ್ಯಾಗ್ಸ್ ಪಟ್ಟಿಯಲ್ಲಿ ಬಿಎಂಐ2 ಕಂಡದ್ದೇ ತಡ ಅದನ್ನೇ ಹಾಕಿದೆವು. “ಅಣ್ಣಾ, ಇದು ನಿನ್ನ ಹಳೇ ಲ್ಯಾಪ್‌ಟಾಪ್‌ಗಿಂತ ಅಂಥಾ ಜೋರೇನೂ ಇಲ್ಲಲ್ಲ” ಎಂದು ಅವನು ಮುಖ ಸಣ್ಣ ಮಾಡಿದ. ಎವಿಎಕ್ಸ್2ಗೆ ಬದಲಿಸಿದ ಮೇಲೆ ಸರಿಹೋಯಿತು.

ಸಲಕರಣೆ

ಉಬುಂಟು ಅಥವಾ ಡೆಬಿಯನ್ ಆದರೆ ಒಂದೇ ಸಾಲು: ‘ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್ ಗಿಟ್ ಕರ್ಲ್’. ಪೈ ಮೇಲೂ ಇದೇ. ಮ್ಯಾಕ್‌ನಲ್ಲಿ ‘ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್’ ಎಂದರೆ ಬೇಕಾದ್ದು ಬರುತ್ತದೆ.

ವಿಂಡೋಸಿನಲ್ಲಿ ಸ್ವಲ್ಪ ಕೆಲಸ ಹೆಚ್ಚು. ಎಂಸಿಸ್2 ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದರ ಹೆಸರನ್ನು ಎಂ, ಎಸ್, ವೈ, ಎಸ್, 2 ಎಂದು ಬರೆಯುತ್ತಾರೆ. ಅದರೊಳಗಿನ ಮಿಂಗ್‌ಡಬ್ಲ್ಯೂ64 ಕಿಟಕಿ ತೆರೆದು ಪ್ಯಾಕ್‌ಮ್ಯಾನ್ ಆಜ್ಞೆಯಿಂದ ಕಂಪೈಲರ್ ಆದ ಜಿಸಿಸಿ, ಕಟ್ಟುವ ಕೆಲಸ ನಡೆಸುವ ಮೇಕ್, ಕೋಡ್ ತರುವ ಗಿಟ್ ಮೂರನ್ನೂ ತರಿಸಿಕೊಳ್ಳಿ. ಕೆಲಸದ ಕಡತಕೋಶದ ದಾರಿಯಲ್ಲಿ ಎಲ್ಲೂ ಖಾಲಿ ಜಾಗವಾಗಲಿ ಕನ್ನಡ ಅಕ್ಷರವಾಗಲಿ ಇರಬಾರದು. ವಿಂಡೋಸಿನ ಬಳಕೆದಾರ ಹೆಸರನ್ನು ಅಡ್ಡಹೆಸರು ಸಮೇತ ಇಟ್ಟುಕೊಂಡವರು ಬಹಳ. ಆ ನಡುವಿನ ಖಾಲಿ ಜಾಗಕ್ಕೇ ಮೇಕ್ ಎಡವುತ್ತದೆ. ಸಿ ಡ್ರೈವಿನ ಬುಡದಲ್ಲೇ ‘ಚೆಸ್’ ಅಂತ ಒಂದು ಫೋಲ್ಡರ್ ಮಾಡಿಕೊಂಡರೆ ಈ ತಕರಾರು ಇಲ್ಲ.

ಕೋಡ್ ತರುವುದು, ಕಟ್ಟುವುದು

ಗಿಟ್‌ಹಬ್‌ನಲ್ಲಿ ‘ಅಫಿಷಿಯಲ್-ಸ್ಟಾಕ್‌ಫಿಶ್’ ಎಂಬ ಖಾತೆಯಲ್ಲಿ ಸ್ಟಾಕ್‌ಫಿಶ್ ಭಂಡಾರವಿದೆ. ಹಸಿರು ಗುಂಡಿ ಒತ್ತಿ ವಿಳಾಸ ನಕಲು ಮಾಡಿ, ‘ಗಿಟ್ ಕ್ಲೋನ್’ ಎಂದು ಬರೆದು ಪಕ್ಕದಲ್ಲಿ ಅಂಟಿಸಿ. ಬಂದ ಮೇಲೆ ‘ಸಿಡಿ ಸ್ಟಾಕ್‌ಫಿಶ್/ಎಸ್‌ಆರ್‌ಸಿ’. ಇಲ್ಲಿ ಸ್ಟಾಕ್‌ಫಿಶ್‌ನ ಮೊದಲ ಅಕ್ಷರ ದೊಡ್ಡದು. ಮೂರು ಕಂಪ್ಯೂಟರ್ ಹೋಲಿಸುವುದಾದರೆ ಮೂರರಲ್ಲೂ ಒಂದೇ ಆವೃತ್ತಿ ಇರಲೇಬೇಕು. ಉದಾಹರಣೆಗೆ ‘ಗಿಟ್ ಚೆಕ್‌ಔಟ್ ಎಸ್‌ಎಫ್_17’ ಎಂದರೆ 2024ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಸ್ಟಾಕ್‌ಫಿಶ್ 17ಕ್ಕೆ ನಿಲ್ಲುತ್ತದೆ.

ಈಗ ಮುಖ್ಯ ಆಜ್ಞೆ: ‘ಮೇಕ್ -ಜೆ4 ಪ್ರೊಫೈಲ್-ಬಿಲ್ಡ್ ಆರ್ಕ್=ಎಕ್ಸ್86-64-ಎವಿಎಕ್ಸ್2’. ಯಾವ ಬಗೆಯ ಪ್ರೊಸೆಸರಿಗೆ ಕಟ್ಟಬೇಕು ಎಂದು ಹೇಳುವ ಆರ್ಕ್ ಎಂಬುದು ಎ, ಆರ್, ಸಿ, ಎಚ್, ನಾಲ್ಕೂ ದೊಡ್ಡಕ್ಷರ. ಅದನ್ನು ಬಿಟ್ಟುಬಿಟ್ಟರೆ ಇತ್ತೀಚಿನ ಆವೃತ್ತಿಗಳು ನಿಮ್ಮ ಪ್ರೊಸೆಸರ್ ನೋಡಿ ತಾವೇ ಆರಿಸುತ್ತವೆ, ಹಳೆಯ ರೈಜನ್‌ನ ಪೆಕ್ಸ್ಟ್ ವಿಷಯವೂ ಅವಕ್ಕೆ ಗೊತ್ತಿದೆ. ಎಲ್ಲ ಆಯ್ಕೆಗಳ ಪಟ್ಟಿ ಬೇಕೆಂದರೆ ‘ಮೇಕ್ ಹೆಲ್ಪ್’. ವಿಂಡೋಸಿನಲ್ಲಿ ಕೊನೆಗೆ ‘ಕಾಂಪ್=ಮಿಂಗ್‌ಡಬ್ಲ್ಯೂ’ ಸೇರಿಸಿ; ಸಿ, ಓ, ಎಂ, ಪಿ ದೊಡ್ಡಕ್ಷರ.

ಮೊದಲು ನರಜಾಲದ ಕಡತ ಇಳಿಯುತ್ತದೆ. ಅದು ಹಲವು ಹತ್ತು ಎಂಬಿಗಳಷ್ಟು ದೊಡ್ಡದು, ಮೊಬೈಲ್ ಹಾಟ್‌ಸ್ಪಾಟಿನಿಂದ ಮಾಡುವವರು ಡೇಟಾ ಎಷ್ಟು ಉಳಿದಿದೆ ನೋಡಿಕೊಳ್ಳಿ. ಇಳಿಯುವಾಗ ನೆಟ್ ಕಡಿದರೆ ಅರ್ಧಂಬರ್ಧ ಕಡತದಿಂದ ಎಂಜಿನ್ ಕಟ್ಟಿತೇ ಎಂಬ ಭಯ ಬೇಡ: ಕಡತದ ಹೆಸರಿನಲ್ಲೇ, ಅದರೊಳಗಿನದ್ದರಿಂದ ಲೆಕ್ಕ ಹಾಕಿದ ಶಾ-256 ಮುದ್ರೆಯ ಮೊದಲ 12 ಅಕ್ಷರಗಳಿವೆ, ಹೊಂದದಿದ್ದರೆ ಮೇಕ್ ಅದನ್ನು ಒಪ್ಪುವುದಿಲ್ಲ.

ಬರೀ ‘ಬಿಲ್ಡ್’ ಬದಲು ‘ಪ್ರೊಫೈಲ್-ಬಿಲ್ಡ್’ ಯಾಕೆ? ಇಲ್ಲಿ ಕೆಲಸ ನಾಲ್ಕು ಹಂತದಲ್ಲಿ ನಡೆಯುತ್ತದೆ, ಪರದೆಯ ಮೇಲೂ ಒಂದೊಂದಾಗಿ ಕಾಣುತ್ತದೆ. ಮೊದಲು ಒಳಗೆ ಎಣಿಕೆ ಇಟ್ಟುಕೊಳ್ಳುವ ಎಂಜಿನ್ ಕಟ್ಟುತ್ತದೆ. ಆಮೇಲೆ ಅದನ್ನು ನಿಮ್ಮ ಕಂಪ್ಯೂಟರಿನ ಮೇಲೆಯೇ ಓಡಿಸಿ ಕೋಡಿನ ಯಾವ ದಾರಿ ಹೆಚ್ಚು ಸವೆಯುತ್ತದೆ ಎಂದು ಬರೆದುಕೊಳ್ಳುತ್ತದೆ. ಮೂರನೆಯದಾಗಿ, ಆ ಲೆಕ್ಕ ಮುಂದಿಟ್ಟುಕೊಂಡು ಹೆಚ್ಚು ಸವೆಯುವ ದಾರಿ ನೇರವಾಗುವಂತೆ ಮತ್ತೆ ಕಟ್ಟುತ್ತದೆ. ಕೊನೆಗೆ ಲೆಕ್ಕದ ಕಡತಗಳನ್ನು ಅಳಿಸುತ್ತದೆ. ಸಮಯ ಹೆಚ್ಚು ಹಿಡಿದರೂ ವೇಗ ಕಣ್ಣಿಗೆ ಕಾಣುವಷ್ಟು ಏರುತ್ತದೆ. ನಾನು ಯಾವತ್ತೂ ಇದನ್ನೇ ಮಾಡುತ್ತೇನೆ.

-ಜೆ ಮುಂದಿನ ಸಂಖ್ಯೆ ಒಟ್ಟಿಗೆ ಎಷ್ಟು ಕಡತ ಕಂಪೈಲ್ ಆಗಬೇಕು ಎಂಬುದು. ಸಂಖ್ಯೆ ಹಾಕದೆ ಬಿಟ್ಟರೆ ಮಿತಿಯೇ ಇಲ್ಲ, ಎಲ್ಲವೂ ಒಮ್ಮೆಗೇ ಶುರುವಾಗುತ್ತವೆ. 1 ಅಥವಾ 2 ಜಿಬಿ ಮೆಮೊರಿಯ ಪೈ ಮೇಲೆ ಹಾಗೆ ಮಾಡಿದರೆ ಉಸಿರುಗಟ್ಟಿ ಪ್ರಕ್ರಿಯೆ ಸಾಯುತ್ತದೆ. ಅಲ್ಲಿ -ಜೆ2 ಸಾಕು.

ಪೈನದೇ ಎರಡು ಮಾತು. 64 ಬಿಟ್‌ನ ಕಾರ್ಯಾಚರಣ ವ್ಯವಸ್ಥೆ ಹಾಕಿದ್ದೀರಾ ನೋಡಿ. ‘ಯುನೇಮ್ -ಎಂ’ ಎಂದಾಗ ‘ಎಆರ್ಕ್64’ ಬರಬೇಕು. 2019ರ ಪೈ 4ಕ್ಕೆ ‘ಆರ್ಕ್=ಎಆರ್‌ಎಂವಿ8’. 2023ರ ಪೈ 5ಕ್ಕೆ ‘ಎಆರ್‌ಎಂವಿ8-ಡಾಟ್‌ಪ್ರಾಡ್’. ಅದರ ಕಾರ್ಟೆಕ್ಸ್-ಎ76 ಕೋರಿಗೆ ನರಜಾಲಕ್ಕೆ ಒದಗುವ ಗುಣಾಕಾರದ ಸೂಚನೆಯೊಂದು ಹೆಚ್ಚಿಗೆ ಗೊತ್ತು. ಆಪಲ್‌ನ ಎಂ ಸಾಲಿನ ಮ್ಯಾಕ್‌ಗೆ ‘ಆಪಲ್-ಸಿಲಿಕಾನ್’.

ಕಟ್ಟಿದ ಕಡತಕ್ಕೆ ತಕ್ಷಣ ಬೇರೆ ಹೆಸರಿಡಿ: ಎಸ್‌ಎಫ್17-ಜಿಸಿಸಿ-ಎವಿಎಕ್ಸ್2 ಅಂತ ಏನಾದರೂ. ಯಾಕೆಂದರೆ ಮತ್ತೊಂದು ಬಗೆ ಕಟ್ಟುವ ಮುಂಚೆ ‘ಮೇಕ್ ಕ್ಲೀನ್’ ಕೊಡಬೇಕು, ಅದು ಹಳೆಯ ಎಂಜಿನ್ನನ್ನೂ ಗುಡಿಸಿ ಹಾಕುತ್ತದೆ.

ವೇಗಕ್ಕಿಂತ ಮುಂಚೆ ನೋಡ್ ಲೆಕ್ಕ

‘./ಸ್ಟಾಕ್‌ಫಿಶ್ ಬೆಂಚ್’ ಎಂದು ಕೊಡಿ. ಎಂಜಿನ್ ತನ್ನೊಳಗೆ ಇಟ್ಟುಕೊಂಡ ಒಂದು ಗುಂಪು ಸ್ಥಾನಗಳನ್ನು 16 ಎಂಬಿ ಹ್ಯಾಶ್ (ನೋಡಿದ್ದನ್ನು ನೆನಪಿಡುವ ಜಾಗ), ಒಂದು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ), 13ರ ಆಳಕ್ಕೆ ಹುಡುಕಿ ಕೊನೆಗೆ ಮೂರು ಸಾಲು ಬರೆಯುತ್ತದೆ: ಒಟ್ಟು ಸಮಯ ಮಿಲಿಸೆಕೆಂಡಿನಲ್ಲಿ, ಹುಡುಕಿದ ನೋಡ್‌ಗಳ (ಸುಮಾರಾಗಿ, ಪರಿಶೀಲಿಸಿದ ಸ್ಥಾನಗಳ) ಸಂಖ್ಯೆ, ಸೆಕೆಂಡಿಗೆ ಎಷ್ಟು ನೋಡ್.

ಎಲ್ಲರ ಕಣ್ಣೂ ಮೂರನೇ ಸಾಲಿಗೆ ಹೋಗುತ್ತದೆ. ನೀವು ಎರಡನೆಯದನ್ನು ಮೊದಲು ನೋಡಿ. ಒಂದೇ ಥ್ರೆಡ್‌ನಲ್ಲಿ ಓಡುವಾಗ ಸ್ಟಾಕ್‌ಫಿಶ್‌ನ ಹುಡುಕಾಟದಲ್ಲಿ ಅದೃಷ್ಟದಾಟ ಇಲ್ಲ, ನರಜಾಲದ ಲೆಕ್ಕವೆಲ್ಲ ಪೂರ್ಣಾಂಕ. ಹೀಗಾಗಿ ಒಂದೇ ಆವೃತ್ತಿಯ ಕೋಡ್ ಯಾವ ಕಂಪ್ಯೂಟರಿನ ಮೇಲೆ ಓಡಿದರೂ ಒಟ್ಟು ನೋಡ್ ಸಂಖ್ಯೆ ಅಂಕೆಗೆ ಅಂಕೆ ಒಂದೇ ಬರಬೇಕು. ನವನಗರದ ಪೈ ಹಲವು ಸೆಕೆಂಡು ತೆಗೆದುಕೊಂಡಿತು, ಬೆಳಗಾವಿಯ ರೈಜನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿತು. ಎರಡೂ ಬರೆದ ನೋಡ್ ಸಂಖ್ಯೆ ಒಂದೇ. ಅಕ್ಕನ ಮಗ ಎರಡು ಪರದೆಯ ಫೋಟೊ ಪಕ್ಕಪಕ್ಕ ಇಟ್ಟು, “ಮಾಮಾ, ಇಷ್ಟು ಸಣ್ಣ ಡಬ್ಬಿನೂ ಅದೇ ಲೆಕ್ಕ ಮಾಡೇತಿ ನೋಡು” ಎಂದ. ನನಗೆ ಇವತ್ತಿಗೂ ಆ ಫೋಟೊ ನೋಡಲು ಖುಷಿ.

ಸ್ಟಾಕ್‌ಫಿಶ್ ಅಭಿವೃದ್ಧಿ ಮಾಡುವವರೂ ಇದನ್ನೇ ಸಹಿಯಂತೆ ಬಳಸುತ್ತಾರೆ. ‘ಗಿಟ್ ಲಾಗ್’ ಕೊಟ್ಟರೆ ಬದಲಾವಣೆಯ ಟಿಪ್ಪಣಿಯ ಕೊನೆಯಲ್ಲಿ ‘ಬೆಂಚ್’ ಎಂದು ಬರೆದು ಒಂದು ಸಂಖ್ಯೆ ಇರುತ್ತದೆ. ನಿಮ್ಮದು ಅದಕ್ಕೆ ಹೊಂದಬೇಕು. ಕೆಲವು ಟಿಪ್ಪಣಿಗಳಲ್ಲಿ ಸಂಖ್ಯೆಯ ಬದಲು ‘ನೋ ಫಂಕ್ಷನಲ್ ಚೇಂಜ್’ ಎಂದಿರುತ್ತದೆ, ಅಂದರೆ ಆಡುವ ರೀತಿ ಬದಲಾಗಿಲ್ಲ; ಅದಕ್ಕಿಂತ ಹಿಂದಿನ ಟಿಪ್ಪಣಿಯ ಸಂಖ್ಯೆ ನೋಡಿ. ಹೊಂದದಿದ್ದರೆ ಎಂಜಿನ್ ಎಷ್ಟೇ ವೇಗವಾಗಿ ಓಡಲಿ, ಆ ವೇಗವನ್ನು ಬರೆದಿಟ್ಟುಕೊಳ್ಳಬೇಡಿ. ಆವೃತ್ತಿ ಬೇರೆ ಇರಬಹುದು, ಕಂಪೈಲರ್ ತಪ್ಪಿರಬಹುದು, ಕೆಲವೊಮ್ಮೆ ಮೆಮೊರಿಯೇ ಕೆಟ್ಟಿರಬಹುದು.

ಬೇರೆ ಎಂಜಿನ್‌ಗಳಿಗೂ ಒಗ್ಗುವ ಇನ್ನೊಂದು ಪರೀಕ್ಷೆ ಪರ್ಫ್ಟ್. ಎಂಜಿನ್ ತೆರೆದು ‘ಪೊಸಿಷನ್ ಸ್ಟಾರ್ಟ್‌ಪೋಸ್’, ಆಮೇಲೆ ‘ಗೋ ಪರ್ಫ್ಟ್ 5’ ಎನ್ನಿ. ಆಟದ ಆರಂಭದಿಂದ ಎರಡೂ ಕಡೆ ಸೇರಿ ಐದು ನಡೆಗಳಲ್ಲಿ ಎಷ್ಟು ದಾರಿಗಳಿವೆ ಎಂದು ಅದು ಎಣಿಸುತ್ತದೆ. ಒಂದು ನಡೆಗೆ 20, ಎರಡಕ್ಕೆ 400, ಮೂರಕ್ಕೆ 8,902, ನಾಲ್ಕಕ್ಕೆ 1,97,281, ಐದಕ್ಕೆ 48,65,609, ಆರಕ್ಕೆ 11,90,60,324. ಇದು ಚದುರಂಗದ ನಿಯಮದಿಂದ ಬರುವ ಲೆಕ್ಕ, ಯಾವ ಎಂಜಿನ್ ಆದರೂ ಇದನ್ನೇ ಹೇಳಬೇಕು. ಒಂದು ಹೆಚ್ಚು ಕಡಿಮೆ ಬಂದರೂ ನಡೆ ಹುಟ್ಟಿಸುವ ಕೋಡಿನಲ್ಲಿ ದೋಷವಿದೆ. ಸ್ವಂತ ಎಂಜಿನ್ ಬರೆಯಲು ಹೊರಟ ಎಂಜಿನಿಯರಿಂಗ್ ಹುಡುಗರಿಗೆ ನಾನು ಮೊದಲು ಕೇಳುವುದು ಈ ಆರು ಸಂಖ್ಯೆಗಳನ್ನೇ.

ಅಳೆಯುವ ಕ್ರಮ: ಧಗೆ, ಕರೆಂಟು, ಧೂಳು

ಮಾಮೂಲು ಬೆಂಚ್ ಬೇಗ ಮುಗಿದುಬಿಡುವುದರಿಂದ ವೇಗ ಅಳೆಯಲು ಸಾಲದು. ‘ಬೆಂಚ್ 64 1 18 ಡಿಫಾಲ್ಟ್ ಡೆಪ್ತ್’ ಎನ್ನಿ: 64 ಎಂಬಿ ಹ್ಯಾಶ್, ಒಂದು ಥ್ರೆಡ್, 18ರ ಆಳ. ಇದೂ ಪ್ರತಿ ಸಲ ಅದೇ ನೋಡ್ ಸಂಖ್ಯೆ ಕೊಡುತ್ತದೆ, ಆದರೆ ಪ್ರೊಸೆಸರ್ ಬೆವರುವಷ್ಟು ಹೊತ್ತು ಓಡುತ್ತದೆ.

ಆ ಬೆವರಿನದ್ದೇ ಕಥೆ. ಈಗಿನ ಪ್ರೊಸೆಸರ್‌ಗಳು ಒಂದೇ ಗತಿಯಲ್ಲಿ ಓಡುವುದಿಲ್ಲ. ತಣ್ಣಗಿರುವಾಗ ಮೊದಲ ಕೆಲವು ಸೆಕೆಂಡು ಟರ್ಬೊ ಎಂದು ಜಿಗಿಯುತ್ತವೆ, ಬಿಸಿ ಏರಿದಂತೆ ಇಳಿಯುತ್ತವೆ. ಬೇಸಿಗೆಯಲ್ಲಿ ವಿಜಯಪುರದ ಹೊರಗಿನ ಬಿಸಿಯೇ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆಯಲ್ಲಿ ಫ್ಯಾನ್ ಬೀಸುವುದೂ ಬಿಸಿಗಾಳಿಯನ್ನೇ. ಲ್ಯಾಪ್‌ಟಾಪಿನ ಫ್ಯಾನ್ ಒಳಗಿನ ಶಾಖವನ್ನು ಆ ಗಾಳಿಗೆ ಬಿಡಬೇಕು, ಗಾಳಿಯೇ ಬಿಸಿಯಾದರೆ ಎಲ್ಲಿಗೆ ಬಿಟ್ಟೀತು? ನಾನು ಏಪ್ರಿಲ್‌ನಲ್ಲಿ ಮಾಡಿದ ತಪ್ಪು ಇಷ್ಟು: ಮೊದಲು ಜಿಸಿಸಿಯಿಂದ ಕಟ್ಟಿದ್ದನ್ನು ಐದು ಸಲ ಓಡಿಸಿದೆ, ಆಮೇಲೆ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿನಿಂದ ಕಟ್ಟಿದ್ದನ್ನು ಐದು ಸಲ. ಎರಡನೆಯದು ಓಡುವ ಹೊತ್ತಿಗೆ ಲ್ಯಾಪ್‌ಟಾಪ್ ಕಾದ ರೊಟ್ಟಿ ಹಂಚಿನಂತಾಗಿತ್ತು. ಕ್ಲ್ಯಾಂಗ್ ನಿಧಾನ ಎಂದು ತೀರ್ಮಾನಿಸಿಬಿಟ್ಟೆ. ಮರುದಿನ ಸರದಿ ತಿರುವಿ ಓಡಿಸಿದ್ದರೆ ಆವತ್ತೇ ಗೊತ್ತಾಗುತ್ತಿತ್ತು.

ಈಗ ನಾನು ಮಾಡುವುದು ಹೀಗೆ. ಬೆಳಗಿನ ಆರಕ್ಕೆ, ಕಿಟಕಿ ತೆಗೆದು ಕೂರುತ್ತೇನೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಲ್ಲ, ಮೇಜಿನ ಮೇಲೆ, ಹಿಂಬದಿ ಒಂದು ಕಟ್ಟಿಗೆ ತುಂಡು ಕೊಟ್ಟು ಎತ್ತರಿಸಿ ಇಡುತ್ತೇನೆ. ಚಾರ್ಜರ್ ಹಾಕಿರಲೇಬೇಕು, ಬ್ಯಾಟರಿಯ ಮೇಲೆ ಓಡುವಾಗ ಬಹಳಷ್ಟು ಲ್ಯಾಪ್‌ಟಾಪುಗಳು ವೇಗ ಕುಗ್ಗಿಸುತ್ತವೆ. ಪರೀಕ್ಷೆ ನಡುವೆ ಕರೆಂಟು ಹೋಗಿ ಬಂದರೆ ಆ ಸರದಿಯನ್ನೇ ಬಿಟ್ಟು ಹೊಸದಾಗಿ ಶುರು ಮಾಡಿ, ಅರ್ಧ ಲೆಕ್ಕ ಜೋಡಿಸಬೇಡಿ. ಉಬುಂಟುವಿನಲ್ಲಿ ‘ಪವರ್‌ಪ್ರೊಫೈಲ್ಸ್‌ಸಿಟಿಎಲ್ ಸೆಟ್ ಪರ್ಫಾರ್ಮೆನ್ಸ್’, ವಿಂಡೋಸಿನಲ್ಲಿ ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಅದಕ್ಕೆ ಸಮನಾದ ಆಯ್ಕೆ. ಬ್ರೌಸರ್ ಪೂರ್ತಿ ಮುಚ್ಚಿ. ವಿಂಡೋಸ್ ಅಪ್‌ಡೇಟ್ ಹಿನ್ನೆಲೆಯಲ್ಲಿ ಓಡುತ್ತಿದೆಯೇ ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿ.

ಆಮೇಲೆ ಹೋಲಿಸಬೇಕಾದ ಎರಡು ಎಂಜಿನ್ ಕಡತಗಳನ್ನು ಎ, ಬಿ, ಎ, ಬಿ ಎಂದು ಸರದಿಯಲ್ಲಿ ಓಡಿಸಿ. ಬಿಸಿ ಏರಿದರೆ ಇಬ್ಬರಿಗೂ ಸಮನಾಗಿ ಏರಲಿ. ಮೊದಲ ಜೋಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಮೈ ಕಾಯಿಸಿಕೊಳ್ಳುವ ಓಟ. ಉಳಿದದ್ದರಲ್ಲಿ ಕನಿಷ್ಠ ಐದೈದು ಬೇಕು. ಹತ್ತಾದರೆ ಇನ್ನೂ ಒಳ್ಳೆಯದು.

ಬಂದ ಅಂಕಿ ಓದುವುದೂ ಒಂದು ಕೆಲಸ. ಎ ಕೊಟ್ಟ ವೇಗ ಸಾವಿರದ ಲೆಕ್ಕದಲ್ಲಿ 980, 995, 970, 990, 985 ಎಂದುಕೊಳ್ಳೋಣ. ಬಿ ಕೊಟ್ಟದ್ದು 990, 975, 1000, 985, 995. ಸರಾಸರಿ 984 ಮತ್ತು 989. ಬಿ ಗೆದ್ದಿತು ಎನ್ನಬಹುದೇ? ಎರಡರ ಸರಾಸರಿಯ ಅಂತರ ಐದು, ಆದರೆ ಒಂದೊಂದೂ ತನ್ನೊಳಗೇ 25ರಷ್ಟು ಏರಿಳಿದಿದೆ. ಇದರಿಂದ ಏನೂ ಹೇಳಲಾಗದು. ಇನ್ನೂ ಓಡಿಸಿ, ಇಲ್ಲವೇ ಎರಡೂ ಸಮ ಎಂದು ಬಿಡಿ. ಅಷ್ಟಕ್ಕೂ ಶೇಕಡಾ ಒಂದು ವೇಗ ಹೆಚ್ಚಾದರೆ ಆಟದ ಬಲದಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಎಲೋ ಅಂಕದ (ಚೆಸ್ ಆಟಗಾರರ ಬಲ ಅಳೆಯುವ ಅಂಕ) ಆಸುಪಾಸು.

ಕ್ಲ್ಯಾಂಗ್ ಪ್ರಯೋಗಿಸುವವರು ಅದರ ಜೊತೆ ಎಲ್‌ಎಲ್‌ವಿಎಂ, ಎಲ್‌ಎಲ್‌ಡಿ ಎರಡನ್ನೂ ಹಾಕಿಕೊಂಡು ‘ಕಾಂಪ್=ಕ್ಲ್ಯಾಂಗ್’ ಎನ್ನಿ. ಯಾವುದು ಮೇಲು ಎಂಬುದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಕಂಪೈಲರ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಯಾವ ಕಂಪೈಲರಿನಿಂದ ಕಟ್ಟಿದ್ದು ಎಂದು ಮರೆತಿದ್ದರೆ ‘./ಸ್ಟಾಕ್‌ಫಿಶ್ ಕಂಪೈಲರ್’ ಎಂದರೆ ಎಂಜಿನ್ನೇ ಹೇಳುತ್ತದೆ.

ಪೈ 80 ಡಿಗ್ರಿಯಿಂದ ವೇಗ ಕಡಿಮೆ ಮಾಡಲು ಶುರು ಮಾಡುತ್ತದೆ, 85ಕ್ಕೆ ಇನ್ನೂ ಬಿಗಿಯುತ್ತದೆ. ‘ವಿಸಿಜೆನ್‌ಕಮಾಂಡ್’ ಎಂಬ ಆಜ್ಞೆಗೆ, ಅದನ್ನು ವಿಸಿಜಿಇಎನ್‌ಸಿಎಂಡಿ ಎಂದು ಬರೆಯುತ್ತಾರೆ, ಮುಂದೆ ‘ಮೆಷರ್_ಟೆಂಪ್’ ಸೇರಿಸಿದರೆ ಬಿಸಿ ತಿಳಿಯುತ್ತದೆ. ‘ಗೆಟ್_ಥ್ರಾಟಲ್ಡ್’ ಸೇರಿಸಿದರೆ ಒಂದು ಸಂಕೇತ ಬರುತ್ತದೆ. 0ಎಕ್ಸ್0 ಎಂದರೆ ಎಲ್ಲ ಕ್ಷೇಮ. ನವನಗರದಲ್ಲಿ ನಮಗೆ ಬಂದದ್ದು 0ಎಕ್ಸ್50000. ಅರ್ಥ, ಪೈ ಶುರುವಾದ ಮೇಲೆ ಯಾವಾಗಲೋ ಒಮ್ಮೆ ವೋಲ್ಟೇಜ್ ಕುಸಿದಿತ್ತು, ವೇಗವೂ ಕುಗ್ಗಿತ್ತು. ಹಳೆಯ ಮೊಬೈಲ್ ಚಾರ್ಜರಿನಿಂದ ಪೈ ನಡೆಸುತ್ತಿದ್ದೆವು. ಪೈಗೆಂದೇ ಇರುವ ಚಾರ್ಜರ್ ಮತ್ತು ಒಂದು ಪುಟ್ಟ ಫ್ಯಾನ್ ತಂದು ಹಾಕಿದ ಮೇಲೆ ಸೊನ್ನೆ ಬಂತು.

ಲ್ಯಾಪ್‌ಟಾಪಿನ ಬಿಸಿ ನೋಡಲು ಲಿನಕ್ಸಿನಲ್ಲಿ ‘ಸೆನ್ಸರ್ಸ್’ ಇದೆ. ಮೂರು ನಾಲ್ಕು ವರ್ಷ ಹಳೆಯದಾದರೆ ಪರೀಕ್ಷೆಗೆ ಮುಂಚೆ ಫ್ಯಾನ್ ಬಿಚ್ಚಿ ಧೂಳು ತೆಗೆಸಿ. ನಮ್ಮ ಕಡೆಯ ಎರೆಮಣ್ಣಿನ ಧೂಳು ನುಣುಪು, ಜಾಲರಿಯಲ್ಲಿ ಗೋಡೆ ಮೆತ್ತಿದಂತೆ ಕೂತಿರುತ್ತದೆ. ನನ್ನ ಲ್ಯಾಪ್‌ಟಾಪಿಗೆ ಯಾವ ಕಂಪೈಲರ್ ಆಯ್ಕೆಯೂ ಕೊಡದ ಲಾಭವನ್ನು ಆ ಸ್ವಚ್ಛತೆ ಕೊಟ್ಟಿತು.

ಎಲ್ಲ ಕೋರ್ ಸೇರಿ ಓಡಿದಾಗ

ಹಲವು ಥ್ರೆಡ್ ಹಾಕಿದ ಕೂಡಲೇ ನೋಡ್ ಸಂಖ್ಯೆ ಪ್ರತಿ ಸಲ ಬೇರೆ ಬರುತ್ತದೆ, ಗಾಬರಿ ಬೇಡ. ಥ್ರೆಡ್‌ಗಳೆಲ್ಲ ಒಂದೇ ಹ್ಯಾಶ್ ಹಂಚಿಕೊಳ್ಳುವುದರಿಂದ ಯಾರು ಮೊದಲು ಬರೆದರು ಎಂಬುದರ ಮೇಲೆ ಹುಡುಕಾಟ ತಿರುಗುತ್ತದೆ. ಸಹಿ ಪರೀಕ್ಷೆ ಯಾವಾಗಲೂ ಒಂದು ಥ್ರೆಡ್‌ನಲ್ಲೇ ಮಾಡಿ. ಇಡೀ ಕಂಪ್ಯೂಟರಿನ ಬಲ ಅಳೆಯಲು ಸ್ಟಾಕ್‌ಫಿಶ್ 17.1ರಿಂದ ‘ಸ್ಪೀಡ್‌ಟೆಸ್ಟ್’ ಎಂಬ ಆಜ್ಞೆ ಇದೆ, ಎಲ್ಲ ಥ್ರೆಡ್ ಬಳಸಿ ಎರಡೂವರೆ ನಿಮಿಷ ಓಡುತ್ತದೆ. ಕಂಪ್ಯೂಟರಿಗೆ ಕಂಪ್ಯೂಟರ್ ಹೋಲಿಸಲು ಅದೇ ಸರಿಯಾದ ಅಳತೆ.

ಬೇರೆ ಎಂಜಿನ್ ಜೊತೆ ಹೋಲಿಸುವಾಗ

ಸೆಕೆಂಡಿಗೆ ಎಷ್ಟು ನೋಡ್ ಎಂಬುದನ್ನು ಎರಡು ಬೇರೆ ಎಂಜಿನ್‌ಗಳ ನಡುವೆ ಹೋಲಿಸಬೇಡಿ. ನೋಡ್ ಎಂದರೇನು ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಎಣಿಸುತ್ತಾರೆ. ಲೀಲಾ ಚೆಸ್ ಝೀರೊ ಎಂಬ ಎಂಜಿನ್ ಪ್ರತಿ ನೋಡ್‌ಗೂ ದೊಡ್ಡ ನರಜಾಲ ಓಡಿಸುತ್ತದೆ, ಚೆನ್ನಾಗಿ ಓಡಲು ಗ್ರಾಫಿಕ್ಸ್ ಕಾರ್ಡ್ ಬೇಕು, ಸ್ಟಾಕ್‌ಫಿಶ್‌ಗಿಂತ ಎಷ್ಟೋ ಪಟ್ಟು ಕಡಿಮೆ ನೋಡ್ ನೋಡುತ್ತದೆ, ಆದರೂ ಬಲಶಾಲಿ. ಒಂದೇ ಎಂಜಿನ್‌ನ ಆವೃತ್ತಿಗಳ ನಡುವೆಯೂ ಇದೇ ಮಾತು. ನರಜಾಲ ಸೇರಿದ ಸ್ಟಾಕ್‌ಫಿಶ್ 12ರ ನೋಡ್ ವೇಗ 11ಕ್ಕಿಂತ ಬಹಳ ಕಡಿಮೆ. ಪಂದ್ಯದಲ್ಲಿ ಮಾತ್ರ 12 ಸೋತ ಪ್ರತಿ ಆಟದ ಜೋಡಿಗೆ (ಒಂದೇ ಆರಂಭ, ಬಣ್ಣ ಬದಲಿಸಿ ಎರಡು ಆಟ) ಸುಮಾರು ಹತ್ತು ಜೋಡಿ ಗೆದ್ದಿತ್ತು.

ಹಾಗಾಗಿ ಕೋಡ್ ಬೇರೆಯಾದರೆ ಪಂದ್ಯವನ್ನೇ ಆಡಿಸಬೇಕು. ಕೋಡ್ ಒಂದೇ ಆಗಿ ಕಂಪೈಲ್ ಮಾತ್ರ ಬೇರೆಯಾದರೆ ಪಂದ್ಯ ಬೇಡ, ನೋಡ್ ಲೆಕ್ಕ ಹೊಂದಿದೆ ಎಂದಾದ ಮೇಲೆ ವೇಗವೇ ಸಾಕು. ಪಂದ್ಯಕ್ಕೆ ಫಾಸ್ಟ್‌ಚೆಸ್ ಅಥವಾ ಕ್ಯೂಟ್‌ಚೆಸ್ ಬಳಸಿ. 10 ಸೆಕೆಂಡು ಮತ್ತು ನಡೆಗೆ 0.1 ಸೆಕೆಂಡು ಒಳ್ಳೆಯ ಆರಂಭ; 2013ರಿಂದ ಸ್ವಯಂಸೇವಕರ ಕಂಪ್ಯೂಟರುಗಳಲ್ಲಿ ನಡೆಯುತ್ತಿರುವ, ಸ್ಟಾಕ್‌ಫಿಶ್‌ನ ಬದಲಾವಣೆಗಳನ್ನು ಪರೀಕ್ಷಿಸುವ ಫಿಶ್‌ಟೆಸ್ಟ್‌ನ ಮೊದಲ ಹಂತದ ಪರೀಕ್ಷೆಯೂ ಅದೇ ಸಮಯದ್ದು. ಒಂದೊಂದು ಆರಂಭವನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸಿ. ಒಟ್ಟಿಗೆ ನಡೆಯುವ ಆಟಗಳು ನಿಜವಾದ ಕೋರ್‌ಗಳ ಸಂಖ್ಯೆಗಿಂತ ಒಂದಾದರೂ ಕಡಿಮೆ ಇರಲಿ.

ತಾಳ್ಮೆ ಬೇಕಾಗುವುದು ಇಲ್ಲೇ. ನೂರು ಆಟ ಆಡಿಸಿ 55–45 ಬಂದರೆ ಎಲೋ ಲೆಕ್ಕದಲ್ಲಿ 35 ಅಂಕದ ಮುನ್ನಡೆ. ಆದರೆ ಅರ್ಧದಷ್ಟು ಆಟ ಡ್ರಾ ಆಗಿದ್ದರೆ ಆ 35ರ ಸುತ್ತ ಸುಮಾರು 50 ಅಂಕ ಆಚೆ ಈಚೆ ಇರಬಹುದು, ಅಂದರೆ ಯಾರು ಬಲಶಾಲಿ ಎಂಬುದೇ ಇನ್ನೂ ಖಚಿತವಿಲ್ಲ. ಈ ಅನಿಶ್ಚಿತತೆ ಅರ್ಧವಾಗಬೇಕಾದರೆ ಆಟ ನಾಲ್ಕು ಪಟ್ಟು ಬೇಕು. ರಾತ್ರಿ ಮಲಗುವಾಗ ಹಚ್ಚಿಟ್ಟು ಬೆಳಿಗ್ಗೆ ನೋಡಿ.

ರಸ್ಟ್ ಭಾಷೆಯಲ್ಲಿ ಬರೆದ ಎಂಜಿನ್‌ಗಳೂ ಈಗ ಹಲವಿವೆ. ಅವಕ್ಕೆ ‘ಕಾರ್ಗೊ ಬಿಲ್ಡ್ --ರಿಲೀಸ್’. ರಿಲೀಸ್ ಮರೆತರೆ ಎಂಜಿನ್ ಆಮೆಯಂತೆ ತೆವಳುತ್ತದೆ.

ಮಗುವಿನ ಚೆಸ್‌ಗೆ ಯಾವ ಕಂಪ್ಯೂಟರ್ ಕೊಳ್ಳಬೇಕು ಎಂದು ತಾಯಿತಂದೆಯರು ಕೇಳುತ್ತಾರೆ. “ಸರ, ಜೋರ ಇರೋದೇ ಬೇಕೇನ್ರಿ?” ಬೇಡ್ರಿ ಎನ್ನುತ್ತೇನೆ. ನವನಗರದ ಆ ಪೈ ಮೇಲೆ ಓಡುವ ಸ್ಟಾಕ್‌ಫಿಶ್ ಕೂಡ ಯಾವ ಗ್ರ್ಯಾಂಡ್‌ಮಾಸ್ಟರನ್ನೂ ಸೋಲಿಸುತ್ತದೆ. ಮನೆಯಲ್ಲಿರುವ ಲ್ಯಾಪ್‌ಟಾಪಿಗೇ ಧೂಳು ತೆಗೆಸಿ ಕೊಡಿ.

ಅಳತೆ ಬರೆದಿಡಲು ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಒಂದು ಸರದಿಗೆ ಒಂದು ಸಾಲು: ದಿನಾಂಕ, ಹೊತ್ತು, ಊರು, ಕೋಣೆಯ ಬಿಸಿ, ಚಾರ್ಜರ್ ಇತ್ತೇ, ಎಂಜಿನ್ ಆವೃತ್ತಿ, ಕಂಪೈಲರ್, ಆರ್ಕ್, ನೋಡ್ ಸಂಖ್ಯೆ, ಆಮೇಲೆ ವೇಗಗಳು. ಕೋಣೆಯ ಬಿಸಿ ಅಳೆಯಲು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಗೋಡೆ ಥರ್ಮಾಮೀಟರ್ ಸಾಕು. ಏಪ್ರಿಲ್‌ನ ಪುಟಗಳಲ್ಲಿ ಆ ಒಂದು ಅಂಕಣ ಖಾಲಿ ಇದೆ. ಬರುವ ಏಪ್ರಿಲ್‌ನಲ್ಲಿ ಅದೇ ಕೋಣೆಯಲ್ಲಿ, ಅದೇ ಎರಡು ಗಂಟೆಗೆ, ಅದನ್ನು ತುಂಬಬೇಕೆಂದಿದ್ದೇನೆ.